ಉದಯರವಿಯ ಒಳಮನೆ



ಈ ಮಾಲೆಯ ಹಿಂದಿನ ಉಪನ್ಯಾಸವೊಂದರಲ್ಲಿ ನನಗಿಂತ ಹೆಚ್ಚು ಓದಿಕೊಂಡ ವಿದ್ವಾಂಸರೊಬ್ಬರು ಒಂದು ಮಾತು ಆಡಿದರು. ಕುವೆಂಪು ಅವರನ್ನು ಅರಿಯಲು ಅವರ ಕೃತಿಗಳೇ ಸಾಕು, ಹೆಂಡತಿ ಮಕ್ಕಳ ನೆನಪುಗಳು ಮನೆಯೊಳಗಿನ ಸಂಗತಿ, ಅವನ್ನು ವಿಮರ್ಶೆಯ ಅಂಗಳಕ್ಕೆ ಎಳೆದು ತರಬಾರದು ಎಂದರು. ಸಭೆ ಚಪ್ಪಾಳೆ ತಟ್ಟಿತು. ಈ ಸಲ ಸಂಘದವರು ಪತಿಯಾಗಿ, ತಂದೆಯಾಗಿ, ತಾತನಾಗಿ ಕುವೆಂಪು ಅವರನ್ನು ನೆನೆಯೋಣ ಎಂದು ಕರೆದಾಗ ನಾನು ಒಪ್ಪಿದ್ದಕ್ಕೆ ಆ ಮಾತೇ ಕಾರಣ. ಆ ವಿದ್ವಾಂಸರ ಮೇಲಿನ ಗೌರವವನ್ನು ಇಟ್ಟುಕೊಂಡೇ, ಅವರ ಮಾತನ್ನು ಒಪ್ಪಲಾರೆ ಎಂದು ಹೇಳಲು ಬಂದಿದ್ದೇನೆ.

ಕುಪ್ಪಳಿ, ಮಹಾರಾಜಾ ಕಾಲೇಜು, ಕುಲಪತಿ ಹುದ್ದೆ, ಜ್ಞಾನಪೀಠ ಇವೆಲ್ಲ ನಿಮಗೆ ಗೊತ್ತಿರುವ ಕಥೆ. ಅದನ್ನು ಬಿಟ್ಟು ನೇರವಾಗಿ ಕೆಲವು ಇಸವಿಗಳಿಗೆ ಬರುತ್ತೇನೆ.

1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ತರುಣ ಅವರು. ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ನೆರಳಿನಲ್ಲಿ ವರ್ಷಗಟ್ಟಲೆ ಇದ್ದವರು. ಇವರು ಕಾವಿ ಉಡುತ್ತಾರೆ ಎಂದೇ ಸುತ್ತಲಿನವರು ಎಣಿಸಿದ್ದರೆ ಆಶ್ಚರ್ಯವಿಲ್ಲ. ಅಂಥವರು 1937ರಲ್ಲಿ, ಮೂವತ್ತೆರಡು ದಾಟಿದ ಮೇಲೆ, ದೇವಂಗಿ ಮನೆತನದ ಹೇಮಾವತಿಯವರ ಕೈ ಹಿಡಿದರು. ಮರುವರ್ಷ ಪೂರ್ಣಚಂದ್ರ ತೇಜಸ್ವಿ ಹುಟ್ಟಿದರು. ಆಮೇಲೆ ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಾಲು ಇಸವಿಗಳನ್ನಿಡಿ. 'ಶ್ರೀ ರಾಮಾಯಣ ದರ್ಶನಂ' ಆರಂಭವಾದದ್ದು 1936ರಲ್ಲಿ, ಮುಗಿದದ್ದು 1946ರಲ್ಲಿ. ಅಂದರೆ ಮದುವೆಯ ಹಿಂದಿನ ವರ್ಷ ಹಿಡಿದ ಲೇಖನಿಯನ್ನು ಮನೆ ತುಂಬ ಚಿಕ್ಕಮಕ್ಕಳಿದ್ದ ಕಾಲದಲ್ಲಿ ಕೆಳಗಿಟ್ಟರು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಮಹಾಕಾವ್ಯವನ್ನು ನಾವು ತಪಸ್ಸಿನ ಫಲ ಎನ್ನುತ್ತೇವೆ, ಸರಿಯೇ. ಆ ತಪಸ್ಸು ನಡೆದ ಜಾಗದಲ್ಲಿ ಮಕ್ಕಳಿಗೆ ಜ್ವರ ಬರುತ್ತಿತ್ತು, ಒಲೆ ಉರಿಯುತ್ತಿತ್ತು, ನೆಂಟರು ಬಂದು ಹೋಗುತ್ತಿದ್ದರು. ಇನ್ನೊಂದು ಸಂಗತಿ. ಮಹಾಕಾವ್ಯ ಮುಗಿದ 1946ರಲ್ಲೇ 'ಪ್ರೇಮಕಾಶ್ಮೀರ' ಪ್ರಕಟವಾಯಿತು. ದಾಂಪತ್ಯದ ಪ್ರೀತಿಯನ್ನು ಕುರಿತ ಕವಿತೆಗಳ ಸಂಕಲನ ಅದು. ಒಂದೇ ಮೇಜು, ಒಂದೇ ಕೈ. ಒಂದನ್ನು ಎತ್ತರದ ಪೀಠದ ಮೇಲಿಟ್ಟು ಇನ್ನೊಂದನ್ನು ಕಪಾಟಿನ ಹಿಂದಿನ ಸಾಲಿಗೆ ತಳ್ಳಿದವರು ನಾವು.

ಇದು ಬರೀ ತಾರೀಕಿನ ಹೊಂದಾಣಿಕೆ ಎಂದು ನೀವು ಹೇಳಬಹುದು. ಹಾಗಾದರೆ ಅಗ್ನಿಪರೀಕ್ಷೆಯ ಭಾಗಕ್ಕೆ ಹೋಗೋಣ. ವಾಲ್ಮೀಕಿಯಲ್ಲಿ ಸೀತೆ ಬೆಂಕಿಗೆ ಇಳಿಯುತ್ತಾಳೆ, ರಾಮ ನಿಂತು ನೋಡುತ್ತಾನೆ. ಕುವೆಂಪು ಅವರ ರಾಮ ನಿಂತು ನೋಡುವುದಿಲ್ಲ, ಹೆಂಡತಿಯ ಹಿಂದೆಯೇ ತಾನೂ ಬೆಂಕಿಗೆ ಇಳಿಯುತ್ತಾನೆ. ಪರೀಕ್ಷೆ ಎಂಬುದಿದ್ದರೆ ಇಬ್ಬರಿಗೂ ಇರಲಿ ಎಂಬ ತೀರ್ಮಾನ ಅದು. ಊರ್ಮಿಳೆಯನ್ನೂ ನೋಡಿ. ಲಕ್ಷ್ಮಣ ಕಾಡಿಗೆ ಹೋದ ಹದಿನಾಲ್ಕು ವರ್ಷ ಸರಯೂ ತೀರದ ಪರ್ಣಕುಟಿಯಲ್ಲಿ ಆಕೆಯೂ ತಪಸ್ಸಿಗೆ ಕೂರುತ್ತಾಳೆ. ಮನೆಯಲ್ಲಿ ಉಳಿದವಳ ಕಷ್ಟ ಕಾಡಿಗೆ ಹೋದವನ ಕಷ್ಟಕ್ಕೆ ಸಮ ಎಂದು ಕವಿ ಕಂಡರು. ವಿಮರ್ಶಕರು ಇದಕ್ಕೆ ದರ್ಶನ, ಸಮನ್ವಯ, ಪೂರ್ಣದೃಷ್ಟಿ ಎಂದೆಲ್ಲ ಹೆಸರಿಟ್ಟಿದ್ದಾರೆ. ನಾನು ಹೇಳುವುದು ಇಷ್ಟೇ: ಇದನ್ನು ಬರೆದವರು ಒಬ್ಬ ಗಂಡ. ಪಕ್ಕದ ಕೋಣೆಯಲ್ಲಿ ಹೆಂಡತಿ ಮಕ್ಕಳನ್ನು ಮಲಗಿಸುತ್ತಿದ್ದಾಗ ಬರೆದದ್ದು.

ನನಗೆ ಈ ಭಾಗವನ್ನು ಪಾಠ ಮಾಡಿದ ಮೇಷ್ಟ್ರನ್ನು ನೆನೆಯದೆ ಮುಂದೆ ಹೋಗಲಾರೆ. ಬಿಳಿ ಪಂಚೆ, ಕೋಟು, ಕಂಕುಳಲ್ಲಿ ಆ ದಪ್ಪ ಪುಸ್ತಕ. ಅದರ ಬೆನ್ನು ಕಿತ್ತುಹೋಗಿ ಖಾಕಿ ಕಾಗದ ಅಂಟಿಸಿದ್ದರು. ಓದುವಾಗ ಪುಟ ನೋಡುತ್ತಿರಲಿಲ್ಲ, ಬೆರಳು ಮಾತ್ರ ಸಾಲಿನ ಮೇಲೆ ಸರಿಯುತ್ತಿತ್ತು. ರಾಮ ಬೆಂಕಿಗೆ ಇಳಿಯುವಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ, ಹುಡುಗರ ಸಾಲಿನ ಕಡೆ ತಿರುಗಿ, 'ಮದುವೆಯಾಗುವ ಮುಂಚೆ ಇದನ್ನು ಒಂದು ಸಲ ಓದ್ರಯ್ಯ' ಎಂದರು. ಅದೇ ಮೇಷ್ಟ್ರು ಇನ್ನೊಂದು ದಿನ, ಕವಿತೆಯೊಂದನ್ನು ಕವಿಯ ಬದುಕಿಗೆ ತಾಳೆ ಹಾಕಿದ ಹುಡುಗನೊಬ್ಬನನ್ನು ತಡೆದು, 'ಕಾವ್ಯ ಅಂದರೆ ದಿನಚರಿ ಅಲ್ಲ ಕಣೋ, ಅವರ ಮನೆ ಬಾಗಿಲು ತಟ್ಟಬೇಡ' ಎಂದೂ ಹೇಳಿದರು. ಎರಡೂ ಮಾತು ನನ್ನೊಳಗೆ ಉಳಿದಿವೆ, ಒಂದಕ್ಕೊಂದು ಒಗ್ಗದೆ ಉಳಿದಿವೆ.

ಗುರುಗಳ ವಿಷಯ ಬಂದಾಗ, ಕುವೆಂಪು ಅವರ ಗುರುಗಳ ಹೆಸರಿರುವ ಕುಪ್ಪಳಿಯ ಕವಿಶೈಲದ ಬಂಡೆಯನ್ನೂ ನೆನೆಯಬೇಕು. ಅಲ್ಲಿಗೆ ಹೋದವರು ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರ ಹೆಸರಿನ ಕೆತ್ತನೆಯನ್ನು ನೋಡಿರುತ್ತೀರಿ. 1936ರದು. ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ಕೂಡ ವೆಂಕಣ್ಣಯ್ಯನವರಿಗೆ. ಗುರುಗಳ ಹೆಸರು ಕಲ್ಲಿನ ಮೇಲೂ ಕಾವ್ಯದ ಬಾಗಿಲಲ್ಲೂ ಇದೆ, ಇರಬೇಕಾದದ್ದೇ. ಹೇಮಾವತಿಯವರನ್ನು ಹುಡುಕಬೇಕಾದರೆ 'ಪ್ರೇಮಕಾಶ್ಮೀರ'ಕ್ಕೋ 1964ರ 'ಜೇನಾಗುವಾ'ಕ್ಕೋ ಹೋಗಬೇಕು. ನಾವು ಹೋಗುವುದಿಲ್ಲ. ಅವು ಸಣ್ಣ ಕವಿತೆಗಳು, ಮನೆಯ ಕವಿತೆಗಳು ಎಂದು ಬಿಟ್ಟುಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲಿಯೇ.

ಇನ್ನು ತಂದೆ. ತೇಜಸ್ವಿಯವರು ತಂದೆಯನ್ನು ಕುರಿತು ಬರೆದ 'ಅಣ್ಣನ ನೆನಪು' ಬಂದದ್ದು 1996ರಲ್ಲಿ, ಕುವೆಂಪು ತೀರಿಕೊಂಡ ಎರಡು ವರ್ಷಕ್ಕೆ. ಆ ಪುಸ್ತಕವನ್ನು ನಗುನಗುತ್ತಾ ಓದಿ ಮುಗಿಸಿದವರು ನಮ್ಮಲ್ಲಿ ಬಹಳ. ಅಷ್ಟಕ್ಕೇ ಬಿಟ್ಟರೆ ಅದರ ನಿಜವಾದ ಬೆಲೆ ಕೈಜಾರುತ್ತದೆ. ಅಲ್ಲಿರುವ ತಂದೆ ಮಗನ ಮುಂದೆ ಕೂತು ಉಪದೇಶ ಮಾಡುವವರಲ್ಲ. ಮಗ ಸಿತಾರ್ ಹಿಡಿದ, ಕ್ಯಾಮೆರಾ ಹಿಡಿದ, ಗಾಳ ಹಿಡಿದು ಹೊಳೆಗೆ ಹೋದ. ಎಂ.ಎ. ಮುಗಿಸಿದ ಮೇಲೆ, ತಂದೆ ಕುಲಪತಿಯಾಗಿದ್ದ ಊರಿನಲ್ಲಿ ಮೇಷ್ಟ್ರಾಗದೆ, ಮೂಡಿಗೆರೆಯ ಕಡೆ ಕಾಫಿ ತೋಟ ಮಾಡಲು ಹೊರಟ. ತಂದೆ ದಾರಿಗೆ ಅಡ್ಡ ನಿಲ್ಲಲಿಲ್ಲ. 'ನಿರಂಕುಶಮತಿಗಳಾಗಿ' ಎಂದು ನಾಡಿನ ಯುವಕರಿಗೆಲ್ಲ ಕರೆಕೊಟ್ಟವರು, ಮನೆಯಲ್ಲೇ ಒಬ್ಬ ನಿರಂಕುಶಮತಿ ಬೆಳೆದಾಗ ಅವನನ್ನು ಹೇಗೆ ನಡೆಸಿಕೊಂಡರು ಎಂಬುದಕ್ಕೆ ಸಾಕ್ಷಿ ಬೇರೆ ಎಲ್ಲಿ ಸಿಗುತ್ತದೆ? ಯಾವ ಸಮಗ್ರ ಸಂಪುಟದಲ್ಲಿ ಸಿಗುತ್ತದೆ?

ಕುವೆಂಪು ರೂಪಿಸಿದ ಸರಳ ಮದುವೆಯ ವಿಧಿಯಾದ ಮಂತ್ರಮಾಂಗಲ್ಯವೂ ಹಾಗೆಯೇ. ಇಂದು ಎಷ್ಟೋ ಊರುಗಳಲ್ಲಿ ತರುಣ ತರುಣಿಯರು ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ಮುಹೂರ್ತ ನೋಡದೆ, ನಾಲ್ಕು ಜನ ಹಿತೈಷಿಗಳ ಮುಂದೆ ಅದನ್ನು ಓದಿಸಿಕೊಂಡು ಮದುವೆಯಾಗುತ್ತಾರೆ. ಅದನ್ನು ಕುವೆಂಪು ವಿಚಾರಧಾರೆಯ ಅಧ್ಯಾಯದಲ್ಲಿ ಪಾಠ ಮಾಡುತ್ತೇವೆ. ಅದನ್ನು ನಡೆಸಿ ತೋರಿಸಿದ್ದು 1966ರಲ್ಲಿ ಕುಪ್ಪಳಿಯ ಮನೆಯಲ್ಲಿ, ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯಲ್ಲಿ. ಊರವರ ಮಕ್ಕಳ ಮೇಲೆ ಪ್ರಯೋಗ ಮಾಡದೆ, ತನ್ನ ಹಿರಿಯ ಮಗನಿಂದ ಶುರುಮಾಡಿದ ತಂದೆಯ ಕೆಲಸ ಅದು. ಮರುವರ್ಷ 'ಮಲೆಗಳಲ್ಲಿ ಮದುಮಗಳು' ಹೊರಬಂತು. ಕಾಡಿನ ಹಾದಿಯಲ್ಲಿ ಪ್ರೀತಿಸಿದವನೊಡನೆ ಓಡಿಹೋಗುವ ಹೆಣ್ಣುಗಳ ಕಾದಂಬರಿ. ಮದುವೆಯಿಂದ ಕಾದಂಬರಿ ಹುಟ್ಟಿತು ಎಂದು ಹೇಳುವಷ್ಟು ಸಲಿಗೆ ನಾನು ತೆಗೆದುಕೊಳ್ಳುವುದಿಲ್ಲ. ಎರಡೂ ಒಂದೇ ಮನಸ್ಸಿನಲ್ಲಿ ಜೊತೆಜೊತೆಗೆ ಇದ್ದವು ಎಂಬಷ್ಟನ್ನು ಹೇಳಬಹುದು.

ಕುಪ್ಪಳಿಯ ಕವಿಮನೆಗೆ ಹೋದವರಿಗೆ ಗೊತ್ತು, ಅಲ್ಲಿ ಕವಿದಂಪತಿಯ ಮದುವೆಯ ಮಂಟಪವನ್ನು ಇಟ್ಟಿದ್ದಾರೆ, ಹಳೆಯ ಮಲೆನಾಡ ಮನೆಯ ಪಾತ್ರೆ ಪರಡಿಗಳನ್ನೂ ಇಟ್ಟಿದ್ದಾರೆ. 2015ರಲ್ಲಿ ಆ ಮನೆಗೆ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದಾಗ ನಾಡೇ ಮರುಗಿತು, ನಾನೂ ಮರುಗಿದೆ. ಆದರೆ ಆ ಮನೆಗೆ ಹೋದಾಗಲೆಲ್ಲ ನಾನು ಹೆಚ್ಚು ಹೊತ್ತು ನಿಲ್ಲುವುದು ಮಂಟಪದ ಎದುರು. ಪದಕಗಳು ನಾಡು ಅವರಿಗೆ ಕೊಟ್ಟದ್ದು. ಈ ಮಂಟಪದಡಿ ಕೂತು ಎದ್ದ ಮೇಲೆ ಅವರು ಬೇರೆ ಮನುಷ್ಯರಾದರು, ಅದರಿಂದ ನಮ್ಮ ಭಾಷೆಯ ರಾಮನೂ ಬೇರೆಯಾದ ಎಂಬುದು ನನ್ನ ನಂಬಿಕೆ.

ತಾತನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 1985ರಲ್ಲಿ ಮೈಸೂರಿನ ವಿಶ್ವ ಕನ್ನಡ ಸಮ್ಮೇಳನವನ್ನು ಉದ್ಘಾಟಿಸಿದ, 1992ರಲ್ಲಿ ಕರ್ನಾಟಕ ರತ್ನ ಪಡೆದ ಬಿಳಿಯುಡುಪಿನ ಹಿರಿಯರನ್ನು ನಾಡು ಕಂಡಿತು. ಅವರ ಹತ್ತಿರ ಹೋಗುವವರು ಕಾಲಿಗೆ ಬೀಳುತ್ತಿದ್ದರು. ಕಾಲಿಗೆ ಬೀಳದೆ ಪಕ್ಕದಲ್ಲಿ ಬಂದು ಕೂರುವ ಹಕ್ಕಿದ್ದವರು ಮೊಮ್ಮಕ್ಕಳು. ಒಬ್ಬ ಮನುಷ್ಯ ನಾಡಿಗೆಲ್ಲ ಪೂಜ್ಯನಾದ ಮೇಲೆ ಅವನನ್ನು ಮನುಷ್ಯನಾಗಿಯೇ ಉಳಿಸುವವರು ಅವರೇ.

ಮಗಳು ತಾರಿಣಿಯವರು 'ಮಗಳು ಕಂಡ ಕುವೆಂಪು' ಬರೆದರು. ಸೊಸೆ ರಾಜೇಶ್ವರಿಯವರು ತಮ್ಮ ಗಂಡನನ್ನು ಕುರಿತು 'ನನ್ನ ತೇಜಸ್ವಿ' ಬರೆದರು. ಮಗ, ಮಗಳು, ಸೊಸೆ ಮೂವರೂ ಲೇಖನಿ ಹಿಡಿದ ಇಂಥ ಮನೆ ಕನ್ನಡದಲ್ಲಿ ಅಪರೂಪ. ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು, ಮಹಾಕಾವ್ಯದ ಪಕ್ಕದಲ್ಲಿ ಇಟ್ಟುಕೊಂಡು ಓದುವ ಕೆಲಸ ಆಗಬೇಕು. ನನಗೆ ವಯಸ್ಸಾಯಿತು. ಇಲ್ಲಿ ಕೂತಿರುವ ಸಂಶೋಧನಾ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ.

ನನ್ನನ್ನು ಕಾಡುವ ಒಂದೆರಡು ಪ್ರಶ್ನೆಗಳನ್ನೂ ನಿಮ್ಮ ಮುಂದೆ ಇಡಬೇಕು. ಹೇಮಾವತಿಯವರು ನಮಗೆ ಹೆಚ್ಚಾಗಿ ಸಿಗುವುದು ಗಂಡನ ಕವಿತೆಗಳಲ್ಲಿ, ಮಕ್ಕಳ ನೆನಪುಗಳಲ್ಲಿ. ಗಂಡನ ಪ್ರೀತಿಯ ಸಾಲುಗಳನ್ನು ಮಾತ್ರ ಓದಿಕೊಂಡು ಆ ದಾಂಪತ್ಯ ಹೀಗಿತ್ತು ಎಂದು ಹೇಳುವುದು ಹೆಂಡತಿಗೆ ಮಾಡುವ ನ್ಯಾಯವೇ? ರಾಮ ಬೆಂಕಿಗೆ ಇಳಿದದ್ದಕ್ಕೆ 'ಉದಯರವಿ' ಎಂಬ ಕವಿಯ ಮೈಸೂರಿನ ಮನೆಯ ಗೃಹಸ್ಥನನ್ನು ಕಾರಣ ಮಾಡುವಾಗ, ನಾನು ಕಾವ್ಯವನ್ನು ಹಿಗ್ಗಿಸುತ್ತಿದ್ದೇನೆಯೇ, ಕುಗ್ಗಿಸುತ್ತಿದ್ದೇನೆಯೇ? ನಮ್ಮ ಮೇಷ್ಟ್ರು ಇಂದು ಈ ಸಭೆಯಲ್ಲಿದ್ದಿದ್ದರೆ ಮೊದಲನೆಯ ಮಾತು ಹೇಳುತ್ತಿದ್ದರೋ, ಎರಡನೆಯದನ್ನೋ? ಅಂದು ಆ ಮಾತು ಆಡಿದ ವಿದ್ವಾಂಸರೂ ಇಂದು ಸಭೆಯಲ್ಲಿದ್ದಾರೆ. ಅವರು ಎದ್ದು ನಿಂತು ಉತ್ತರ ಹೇಳಲಿ ಎಂದು ಕೋರುತ್ತೇನೆ.