ಕಾಸರವಳ್ಳಿಯವರ ಚಿತ್ರಗಳಲ್ಲಿ ಮುಚ್ಚಿದ ಬಾಗಿಲುಗಳು



ಗಿರೀಶ್ ಕಾಸರವಳ್ಳಿಯವರ ಹೆಸರೆತ್ತಿದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು 2004ರ 'ಹಸೀನಾ'. ಜೊತೆಗೇ ಒಂದು ಅಸಮಾಧಾನವೂ ಏಳುತ್ತದೆ: ಇವರಿಗೆ ನಮ್ಮ ಸಮುದಾಯದ ಲೋಪವೇ ಏಕೆ ಕಂಡಿತು? ಪ್ರಶ್ನೆ ಅನುಚಿತವಲ್ಲ. ಮುಸ್ಲಿಮನನ್ನು ಖಳನಾಗಿಸಿ ಹಣ ಬಾಚಿಕೊಂಡ ಚಿತ್ರಗಳನ್ನು ನಾವು ಸಾಕಷ್ಟು ಕಂಡವರು. ಆದರೆ ಈ ನಿರ್ದೇಶಕರ ಮಟ್ಟಿಗೆ ಉತ್ತರ ಬೇಕಿದ್ದರೆ 1977ರ 'ಘಟಶ್ರಾದ್ಧ'ದಿಂದ ತೊಡಗಬೇಕು.

ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಚಿತ್ರವದು. ವೇದಪಾಠಶಾಲೆ ನಡೆಸುವ ಉಡುಪರ ಮಗಳು ಯಮುನಾ ಎಳೆಯ ವಿಧವೆ. ಆಕೆ ಗರ್ಭಿಣಿಯಾದಾಗ ಬದುಕಿರುವಂತೆಯೇ ಅವಳ ಶ್ರಾದ್ಧ ಮಾಡಿ ಬಹಿಷ್ಕರಿಸಲಾಗುತ್ತದೆ. ಕಾರಣನಾದ ಗಂಡಸಿಗೆ ಯಾವ ಶ್ರಾದ್ಧವೂ ಇಲ್ಲ! ಇದನ್ನೆಲ್ಲ ನಾಣಿ ಎಂಬ ಬಾಲಕ ಕಣ್ಣು ಬಿಟ್ಟು ನೋಡುತ್ತಾನೆ. ಮಲೆನಾಡಿನಲ್ಲಿ ಹುಟ್ಟಿದ ನಿರ್ದೇಶಕರು ಮೊದಲು ತೆರೆದು ತೋರಿಸಿದ್ದು ಅಲ್ಲಿನ ಅಗ್ರಹಾರವನ್ನೇ.

ಮುಂದೆ ಕಥೆಗಳೂ ಪರಿಸರಗಳೂ ಬದಲಾದವು. ತೇಜಸ್ವಿಯವರ ಕಥೆಯ ತಬರ, ಸರಕಾರಕ್ಕೆ ದುಡಿದವನು, ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಅತ್ತ ಪತ್ನಿಯ ಕಾಲು ಕೊಳೆಯುತ್ತಿರುತ್ತದೆ. 2002ರ 'ದ್ವೀಪ'ದಲ್ಲಿ ಅಣೆಕಟ್ಟಿನ ನೀರು ಮನೆಯನ್ನು ಸುತ್ತುವರಿಯುತ್ತದೆ. ನಾಗಿ ತನ್ನ ದುಡಿಮೆಯಿಂದ ಮನೆಯನ್ನು ಉಳಿಸಿಕೊಂಡರೆ, ಪತಿ ಅದರ ಶ್ರೇಯಸ್ಸನ್ನು ದೇವರಿಗೆ ಒಪ್ಪಿಸಿಬಿಡುತ್ತಾನೆ. ಆಗ ನಾಗಿಯ ಮುಖ ನೋಡಬೇಕು. ಅಗ್ರಹಾರ, ತಾಲೂಕು ಕಚೇರಿ, ಸರಕಾರ, ಸ್ವಂತ ಮನೆ - ಆಸರೆಯಾಗಬೇಕಾದ ಬಾಗಿಲೇ ಮುಚ್ಚಿಕೊಳ್ಳುವುದು ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

'ಹಸೀನಾ'ದಲ್ಲಿ ಆ ಬಾಗಿಲು ನಮ್ಮದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಚಾಲಕ ಯಾಕೂಬ್ ಪತ್ನಿಯನ್ನು ತೊರೆಯುತ್ತಾನೆ. ಮುತವಲ್ಲಿ ಸಾಹೇಬರು ಆಕೆಯ ಅರ್ಜಿಯನ್ನು ಮುಂದೂಡುತ್ತಲೇ ಹೋಗುತ್ತಾರೆ. ಕೊನೆಗೆ ಆಕೆ ಮಕ್ಕಳೊಂದಿಗೆ ಮಸೀದಿಯ ಮುಂದೆ ಕುಳಿತುಕೊಳ್ಳುತ್ತಾಳೆ. ಇದು ಹೊರಗಿನವರು ಹೆಣೆದ ಆರೋಪವೂ ಅಲ್ಲ. ಮೂಲಕಥೆ 'ಕರಿ ನಾಗರಗಳು' ಹಾಸನದ ವಕೀಲೆ ಬಾನು ಮುಷ್ತಾಕ್ ಅವರದು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಸಂಕಲನದಲ್ಲಿ ಅದೂ ಇದೆ. ಶರೀಅತ್ ಹೆಣ್ಣಿಗೆ ನೀಡಿದ ಹಕ್ಕುಗಳನ್ನು ಆ ಕಥೆಯಲ್ಲಿ ಆಕೆಗೆ ತಿಳಿಸಿಕೊಡುವವರು ಜುಲೇಖಾ ಬೇಗಂ ಎಂಬ ಓದಿದ ಮಹಿಳೆ, ಮುತವಲ್ಲಿಯಲ್ಲ.

ಇನ್ನೊಂದು ಮಾತು. 'ಹಸೀನಾ'ವನ್ನು ದೂರುವವರು 2008ರ 'ಗುಲಾಬಿ ಟಾಕೀಸ್' ಅನ್ನು ನೆನೆಯುವುದು ಅಪರೂಪ. ಕರಾವಳಿಯ ಮೀನುಗಾರರ ಕೇರಿಯಲ್ಲಿ ಎಲ್ಲರ ಹೆರಿಗೆ ಮಾಡಿಸಿದ ಮುಸ್ಲಿಂ ಸೂಲಗಿತ್ತಿ ಗುಲಾಬಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ ಅದೇ ಕೇರಿಗೆ ಪರಕೀಯಳಾಗುತ್ತಾಳೆ. ಆಕೆಯ ಟಿವಿಯ ಮುಂದೆ ನೆರೆದಿದ್ದವರೇ ದೂರ ಸರಿಯುತ್ತಾರೆ. ಆ ಚಿತ್ರವನ್ನು ಕಂಡು ನಾವು ನಮ್ಮ ನೋವು ಹೇಳಿದರೆಂದು ಮೆಚ್ಚುವುದಾದರೆ, ಮಸೀದಿಯ ಮೆಟ್ಟಿಲ ಮುಂದೆ ಕುಳಿತ ಹಸೀನಾಳ ನೋವು ಯಾರದು? ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ, ಮನೆಯ ಹೆಣ್ಣುಮಕ್ಕಳೊಂದಿಗೆ ಕುಳಿತು ನೋಡಿರೆಂದು ಕೋರುತ್ತೇವೆ. ಜಮಾಅತಿನ ಹೊಣೆ ಹೊತ್ತ ಹಿರಿಯರೂ ಜೊತೆಗಿರಲಿ.