ಮನೆಯಂಗಳದ ಬಿಲ್ವವೂ ಅದರ ಅತಿಥಿಗಳೂ



ಪೂಜಾರ್ಥವಾಗಿ ಮನೆಯಂಗಳದಲ್ಲಿ ಬಿಲ್ವವನ್ನು ನೆಡುವ ರೂಢಿಯು ನಮ್ಮಲ್ಲಿ ಹಿಂದಿನಿಂದಲೂ ಉಂಟು. ಆ ಗಿಡಕ್ಕೆ ನಮಗಿಂತ ಮುಂಚೆಯೇ ಬರುವ ಅತಿಥಿಯೊಂದಿರುವುದು. ಕಪ್ಪು ರೆಕ್ಕೆಗಳಲ್ಲಿ ಹಳದಿಯ ಮಚ್ಚೆಗಳುಳ್ಳ ನಿಂಬೆಯ ಚಿಟ್ಟೆಯು ಬಿಲ್ವ, ನಿಂಬೆ, ಕರಿಬೇವುಗಳ ಎಳೆಯ ಚಿಗುರನ್ನೇ ಆರಿಸಿ ಒಂದೊಂದಾಗಿ ಮೊಟ್ಟೆಯಿಡುವುದು. ಮರಿಹುಳುವು ಮೊದಲು ಹಕ್ಕಿಯ ಹಿಕ್ಕೆಯಂತೆ ತೋರಿ ಹಕ್ಕಿಗಳನ್ನೇ ವಂಚಿಸುವುದು. ಬೆಳೆದ ಬಳಿಕ ಎಲೆಯ ಹಸುರಿನಲ್ಲಿ ಅಡಗುವುದು.

ತೂತುಬಿದ್ದ ದಳವು ಪೂಜೆಗೆ ಸಲ್ಲದೆಂದು ನಾನೇ ಒಂದು ವರ್ಷ ಗಿಡಕ್ಕೆ ಕೀಟನಾಶಕವನ್ನು ಹೊಡೆಯಿಸಿದೆನು. ದಳಗಳು ನಿರ್ದೋಷವಾಗಿ ದೊರೆತುವು. ಆದರೆ ಚಿಟ್ಟೆ ಕಾಣಲಿಲ್ಲ. ತಮ್ಮ ಮರಿಗಳಿಗಾಗಿ ಹುಳುಗಳನ್ನು ಹೆಕ್ಕಲು ಬರುತ್ತಿದ್ದ ಹಕ್ಕಿಗಳೂ ಅಂಗಳವನ್ನು ತೊರೆದುವು. ದಯೆಯನ್ನು ಬೋಧಿಸುವವನ ಅಂಗಳದಲ್ಲೇ ಹೀಗಾಯಿತೆಂಬ ನಾಚಿಕೆಯು ಇನ್ನೂ ನನ್ನನ್ನು ಬಿಟ್ಟಿಲ್ಲ.

ಚಿಟ್ಟೆಗಳಿಗೆ ಹೂವಿದ್ದರೆ ಸಾಲದೇ, ಯಾವ ದೇಶದ ಗಿಡವಾದರೇನು ಎಂದು ಕೇಳುವವರುಂಟು. ಲಂಟಾನವು 19ನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದೇ ಭರತಖಂಡಕ್ಕೆ ಬಂದುದು. ಇಂದು ನಮ್ಮ ದೇವರಾಯನದುರ್ಗದ ಕಾಡಿನಲ್ಲಿಯೂ ಪೊದೆಪೊದೆಯಾಗಿ ಹಬ್ಬಿ ನಾಡಗಿಡಗಳನ್ನು ಅಡಗಿಸಿದೆ. ಅದರ ಹೂವಿನ ಮಧುವನ್ನು ಚಿಟ್ಟೆಗಳು ಹೀರುವುದು ನಿಜವೇ. ಆದರೆ ನಮ್ಮ ಚಿಟ್ಟೆಗಳ ಮರಿಹುಳುಗಳಿಗೆ ಅದರ ಎಲೆಯು ಆಹಾರವಲ್ಲ. ಉಂಡುಹೋಗುವ ಛತ್ರವೇ ಬೇರೆ, ಹೆರಿಗೆಗೆ ಬರುವ ತವರೇ ಬೇರೆ.

ಬೇಲಿಯ ಎಕ್ಕವನ್ನೂ ಕೀಳದಿರಿ. ಅದರ ಎಲೆಯನ್ನು ತಿಂದು ಬೆಳೆದ ಹುಳುವು ಕಿತ್ತಳೆಬಣ್ಣದ ಚಿಟ್ಟೆಯಾಗಿ, ಎಕ್ಕದ ವಿಷದ ಬಲದಿಂದಲೇ ಹಕ್ಕಿಗಳ ಬಾಯಿಗೆ ರುಚಿಸದೆ ಪಾರಾಗುವುದು.

ಈಗ ನಮ್ಮಲ್ಲಿ ಎರಡು ಬಿಲ್ವಗಳಿವೆ. ಮುಂದಿನದು ಪೂಜೆಗೆ, ಹಿತ್ತಲಿನದಕ್ಕೆ ಯಾರೂ ಕೈಯಿಡಕೂಡದೆಂದು ಪಾಠಶಾಲೆಯ ಹುಡುಗರಿಗೆ ಕಟ್ಟುಮಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ಅದರ ಚಿಗುರೆಲ್ಲ ತೂತಾಗಿದ್ದಿತು. ಅದನ್ನು ತೋರಿಸಲು ಹುಡುಗರು ಪಾಠವನ್ನು ಬಿಟ್ಟು ಓಡಿಬಂದರು.