ಬಸುರಿದ್ದಾಗಲೇ ಕೇಳಬೇಕಾದ ಮಾತು

ಇವತ್ತಿನ ವಿಷಯ ಸ್ವಲ್ಪ ಮುಜುಗರದ್ದು, ಬೇಕಂದ್ರ ಇಯರ್‌ಫೋನ್ ಹಾಕ್ಕೊಂಡು ಕೇಳ್ರಿ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಕಡೆ ಹೋದ್ರೂ ಬಸುರಿ ಹೆಂಗಸಿಗೆ ಸಲಹೆ ಕೊಡೋರಿಗೆ ಬರ ಇಲ್ಲ. ಏನು ತಿನ್ನಬೇಕು, ಏನು ಬ್ಯಾಡ, ತವರಿಗೆ ಯಾವಾಗ ಹೋಗಬೇಕು, ಎಲ್ಲಾ ಹೇಳ್ತಾರ. "ಈ ಕೂಸಿನ ಮ್ಯಾಲ ಇನ್ನೊಂದು ಯಾವಾಗ? ಅಲ್ಲಿತನಕ ಏನು ಮಾಡ್ತೀ?" ಅಂತ ಕೇಳೋರು ಮಾತ್ರ ಕಡಿಮಿ.

ನಮ್ಮಲ್ಲಿ ಕುಟುಂಬ ಯೋಜನೆ ಅಂದ್ರ ಆಪರೇಷನ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಜನ ಅದನ್ನೇ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಲೆಕ್ಕ ಹೆಚ್ಚೂಕಡಿಮಿ ಸೊನ್ನೆ. (ಹೊಲಿಗೆ ಇಲ್ಲದೆ ಮುಗಿಯೋದು ಗಂಡಸರದ್ದೇ ನೋಡ್ರಿ!) ಅಂದ್ರ "ಮಕ್ಕಳು ಸಾಕು" ಅನ್ನೋದಕ್ಕ ದಾರಿ ಗೊತ್ತದ, "ಈಗ ಬ್ಯಾಡ, ಆಮ್ಯಾಲ" ಅನ್ನೋದಕ್ಕ ಗೊತ್ತಿಲ್ಲ.

ಹೆರಿಗಿ ಆಗಿ ಮತ್ತ ಬಸುರಾಗೋಕೆ ಕನಿಷ್ಠ 2 ವರ್ಷ ಅಂತರ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಮೊದಲೇ ರಕ್ತ ಕಡಿಮಿ ಇರೋ ಹುಡುಗಿಗೆ ಕೂಸು ಇನ್ನೂ ಎದಿಹಾಲು ಕುಡಿತಿರುವಾಗಲೇ ಮತ್ತೊಂದು ನಿಂತ್ರ ತಾಯಿಗೂ ಕಷ್ಟ, ಎರಡೂ ಕೂಸಿಗೂ ಕಷ್ಟ.

"ಹಾಲು ಕುಡಿಸ್ತಿದೀನಿ, ಮುಟ್ಟು ಬಂದಿಲ್ಲ, ಏನಾಗಲ್ಲ" ಅನ್ನೋ ನಂಬಿಕಿ ಅರ್ಧ ಮಾತ್ರ ಖರೆ. ಕೂಸಿಗೆ 6 ತಿಂಗಳು ತುಂಬಿರಬಾರದು, ಮುಟ್ಟು ಬಂದಿರಬಾರದು, ಹಗಲು ರಾತ್ರಿ ಎದಿಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು. ಮೂರೂ ಇದ್ರ ಮಾತ್ರ ಅದನ್ನ ನಂಬಬಹುದು. ಸಕ್ಕರಿ ನೀರು, ಆಕಳ ಹಾಲು ಶುರು ಮಾಡಿದ್ರ ಆ ಲೆಕ್ಕ ಮುಗೀತು. ಮೊದಲ ಮುಟ್ಟು ಬರೋಕಿಂತ ಮುಂಚೇನೇ ಅಂಡಾಣು ಬಿಡುಗಡೆ ಆಗ್ತದ, ಹಿಂಗಾಗಿ ಮುಟ್ಟೇ ಕಾಣದೆ ಮತ್ತ ಬಸುರಾಗಬಹುದು.

ಇನ್ನ ವಂಕಿ, ಅಂದ್ರ ಕಾಪರ್ ಟಿ. ಹೆರಿಗಿ ಆಗಿ 48 ತಾಸಿನೊಳಗ ಹಾಕಿಸ್ಕೋಬಹುದು, ಬ್ಯಾಡ ಅಂದಾಗ ತೆಗೆಸಬಹುದು. ಆದ್ರ ಒಪ್ಪಿಗಿ ಕೊಡೋಕೆ ಹೆರಿಗಿ ಬ್ಯಾನಿ ಸರಿಯಾದ ಹೊತ್ತಲ್ಲ. ಅದಕ್ಕೇ ಬಸುರಿದ್ದಾಗಲೇ ಕೇಳ್ರಿ ಅನ್ನೋದು. ಒಪ್ಪಿಗಿ ಆಕಿದೇ ಆಗಿರಬೇಕು. ಆಪರೇಷನ್ನಿಗೂ ಗಂಡನ ಸಹಿ ಕಡ್ಡಾಯ ಇಲ್ರಿ.

ಲಖನೌದ ಸರ್ಕಾರಿ ಪ್ರಯೋಗಾಲಯದಲ್ಲಿ ತಯಾರಾದ ಛಾಯಾ ಮಾತ್ರೆ ಅದ, ಹಾರ್ಮೋನ್ ಇಲ್ಲ, ಎದಿಹಾಲಿಗೆ ತೊಂದರೆ ಇಲ್ಲ. ಮೊದಲ 3 ತಿಂಗಳು ವಾರಕ್ಕ ಎರಡು, ಆಮ್ಯಾಲ ವಾರಕ್ಕ ಒಂದು. ಫೋನಲ್ಲಿ ಅಲಾರಂ ಇಟ್ಟರಾಯ್ತು. ಅಂತರಾ ಇಂಜೆಕ್ಷನ್ 3 ತಿಂಗಳಿಗೊಮ್ಮೆ, ಹಾಲು ಕುಡಿಸೋರಿಗೆ 6 ವಾರದ ನಂತರ. ಮುಟ್ಟು ಏರುಪೇರಾಗಬಹುದು, ಬಿಟ್ಟ ಮ್ಯಾಲ ಬಸುರಾಗೋಕೆ ಕೆಲವು ತಿಂಗಳು ತಡ ಆಗಬಹುದು. ಇದನ್ನ ಮೊದಲೇ ಹೇಳದಿದ್ರ ಹೆಂಗಸರು ಹೆದರಿ ಬಿಟ್ಟುಬಿಡ್ತಾರ. ಹೆದರೋದರಲ್ಲಿ ಅವರ ತಪ್ಪೇನೂ ಇಲ್ಲ.

ಗಂಡ ಹೈದರಾಬಾದ್‌ಗೋ ಮುಂಬೈಗೋ ದುಡಿಯೋಕೆ ಹೋಗಿದಾನ, ಹಬ್ಬಕ್ಕ ಬರ್ತಾನ, ಅದಕ್ಯಾಕ ಇದೆಲ್ಲ ಅಂತೀರಾ? ಆ ನಾಲ್ಕು ದಿನಕ್ಕೂ ನಿರೋಧ್ ಬೇಕು.

ನಾನು ಕಾಮರ್ಸ್ ಓದಿದೋರು, ಡಾಕ್ಟರ್ ಅಲ್ಲ. ಯಾವುದು ಯಾರಿಗೆ ಹೊಂದ್ತದ ಅಂತ ಅವರನ್ನೇ ಕೇಳ್ರಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರ್ತದ. ತಾಯಿ ಕಾರ್ಡ್ ತಗೊಂಡು ಹೋಗ್ರಿ. ಗಂಡ ಊರಲ್ಲಿದ್ರ ಅವನ್ನೂ ಕರ್ಕೊಂಡು ಹೋಗ್ರಿ, ಹೊರಗ ಬೈಕ್ ಮ್ಯಾಲ ಕೂಡ್ರಿಸಬ್ಯಾಡ್ರಿ.